ಎದೆ ಹೊಡೆದುಕೊಳ್ಳುವವನ ಒಡಪು

ಹೆದರಿಕೆಯೇ ಇಲ್ಲದವರನ್ನು ಕಂಡರೆ ನನಗೆ ಹೆದರಿಕೆ. ಹಾವಿಗೆ, ಹುಚ್ಚುನಾಯಿಗೆ, ಮೇಲಧಿಕಾರಿಗೆ ಎಲ್ಲರೂ ಹೆದರುತ್ತಾರೆ. ಅದು ಹೇಳಿಕೊಳ್ಳುವಂಥ ಮಾತೇನಲ್ಲ. ನನ್ನದು ಅದಕ್ಕಿಂತ ಅಗ್ಗದ ಹೆದರಿಕೆ. ನಾಲ್ಕು ಮಂದಿ ತಮ್ಮ ಮಾತು ನಿಲ್ಲಿಸಿ ನನ್ನ ಬಾಯಿ ನೋಡಿದರೆ ಸಾಕು, ಎದೆ ಢವಢವ ಹೊಡೆದುಕೊಳ್ಳುತ್ತದೆ, ಕಾಲು ಗಡಗಡ ನಡುಗುತ್ತವೆ, ಬಾಯಿಯ ನೀರೆಲ್ಲ ಅಂಗೈಗೆ ಇಳಿಯುತ್ತದೆ. ನನ್ನ ಹೆಸರು ವೀರಭದ್ರಪ್ಪ. ಇಟ್ಟವರು ನನ್ನನ್ನು ಕೇಳಿ ಇಟ್ಟಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಮುನಿರಾಬಾದಿನ ನೀರಾವರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ಈ ಹೆದರಿಕೆಯಿಂದ ನನಗೆ ತೊಂದರೆಯಾಗಲಿಲ್ಲ, ಒಂದಿಷ್ಟು ಲಾಭವೇ ಆಯಿತು. ಸರ್ಕಾರಿ ಕಚೇರಿಯಲ್ಲಿ ಬಾಯಿ ಬಿಡದವನನ್ನು ಸಂಭಾವಿತ ಎನ್ನುತ್ತಾರೆ. ತೊಂದರೆಯಾದದ್ದು ಮದುವೆಯಲ್ಲಿ, ಅದೂ ನನ್ನದೇ ಮದುವೆಯಲ್ಲಿ.

ನಮ್ಮ ಕಡೆ ಮದುವೆಯಾದ ಕೂಡಲೇ ಜೋಡಿಯನ್ನು ಮನೆಯೊಳಗೆ ಬಿಡುವ ಪದ್ಧತಿ ಇಲ್ಲ. ಮನೆಯ ಹೆಣ್ಣುಮಕ್ಕಳು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರನ್ನೂ ಹೆಂಡತಿ ಗಂಡನ ಹೆಸರನ್ನೂ ಪ್ರಾಸ ಹಚ್ಚಿದ ಎರಡು ಸಾಲಿನ ಪದದಲ್ಲಿ, ಅಂದರೆ ಒಡಪಿನಲ್ಲಿ, ಇಟ್ಟು ಹೇಳಬೇಕು. ಮೊದಲು ಗಂಡ, ಆಮೇಲೆ ಹೆಂಡತಿ. ಜೀವಮಾನವಿಡೀ "ಏನ್ರಿ", "ಕೇಳಿದ್ರೇನ್ರಿ" ಎಂದೇ ಕರೆಯಬೇಕಾದ ಹೆಣ್ಣಿಗೆ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳುವ ಸ್ವಾತಂತ್ರ್ಯ ಸಿಗುವುದು ಆ ಹೊಸ್ತಿಲ ಮುಂದೆ ಮಾತ್ರ. ನನ್ನ ಮದುವೆಯ ದಿನ ಬೇವೂರಿನ ಮಾವನ ಮನೆಯ ಹೊಸ್ತಿಲ ಮುಂದೆ ನಾನೂ ಬಾಸಿಂಗ ಕಟ್ಟಿಕೊಂಡು ನಿಂತೆ. ಎಲ್ಲರೂ ನನ್ನ ಬಾಯಿ ನೋಡಿದರು. ಮುಂದಿನದು ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಪಡಸಾಲೆಯಲ್ಲಿ ಮಲಗಿದ್ದೆ, ಯಾರೋ ಮುಖಕ್ಕೆ ನೀರು ಹೊಡೆಯುತ್ತಿದ್ದರು. ಒಡಪು ಹೇಳದೆ ಆ ಹೊಸ್ತಿಲು ದಾಟಿದ ಮೊದಲ ಅಳಿಯ ನಾನೇ ಅಂತೆ. ದಾಟಿದ್ದಲ್ಲ, ನಾಲ್ವರು ಹೊತ್ತು ದಾಟಿಸಿದ್ದು. ಅಂದಿನಿಂದ ಬೇವೂರಿನಲ್ಲಿ ನನ್ನನ್ನು "ಮೂಗ ಅಳಿಯ" ಎಂದು ಕರೆಯತೊಡಗಿದರು, ಪ್ರೀತಿಯಿಂದಲೇ.

ಆಮೇಲೆ ಬಂಧುಗಳ ಮದುವೆ ಎಷ್ಟೋ ಆದವು. ಹಳೆಯ ಜೋಡಿಗಳನ್ನೂ ಹಿಡಿದು ನಿಲ್ಲಿಸಿ ಒಡಪು ಹೇಳಿಸುವುದು ಹೆಣ್ಣುಮಕ್ಕಳಿಗೆ ಒಂದು ಚಟ. ಆ ಹೊತ್ತಿಗೆ ಸರಿಯಾಗಿ ನಾನು ಹಿತ್ತಲಲ್ಲಿ ಅಡಿಗೆಯವರ ಹತ್ತಿರ ಇರುತ್ತಿದ್ದೆ. "ಈ ಅಳಿಯಗ ಅಡಿಗಿ ಮ್ಯಾಲೆ ಎಷ್ಟು ಕಾಳಜಿ ನೋಡ್ರಿ" ಎಂದು ಹಿರಿಯರು ಹೊಗಳಿದ್ದೂ ಉಂಟು. ಹೀಗೆ ತಪ್ಪಿಸಿಕೊಳ್ಳುತ್ತಲೇ ಹೆದರಿಕೆಯನ್ನು ಓಡಿಸುವ ಪ್ರಯತ್ನವನ್ನೂ ನಡೆಸಿದ್ದೆ. ತಳಕಲ್ಲು ಎಂಬ ಊರಿನಲ್ಲಿ ಒಬ್ಬರು ತೋಳಿಗೆ ತಾಯಿತ ಕಟ್ಟಿದರು. ಹೆದರಿಕೆ ತಾಯಿತದೊಂದಿಗೆ ಹೊಂದಿಕೊಂಡು ಹೋಯಿತು. ನಮ್ಮ ಕಚೇರಿಯವರ ಕಾಲೋನಿಗೆ ಯೋಗ ಕಲಿಸಲು ಬರುತ್ತಿದ್ದ ಮಾಸ್ತರು "ಕಣ್ಣು ಮುಚ್ಚಿ ಎಲ್ಲಾ ವಿಚಾರ ಹೊರಗ ಹಾಕ್ರಿ" ಎಂದರು. ಕಣ್ಣು ಮುಚ್ಚಿದೆ. ಅಲ್ಲಿಯತನಕ ಎಲ್ಲೋ ಮೂಲೆಯಲ್ಲಿದ್ದ ವಿಚಾರಗಳೂ ಯಾರನ್ನು ಹೊರಗೆ ಹಾಕುತ್ತಿದ್ದಾರೆಂದು ನೋಡಲು ಎದ್ದು ಬಂದವು. ನಮ್ಮ ಹೆಡ್ ಕ್ಲಾರ್ಕು, "ಹೆದರಿಕಿ ಬಂತಂದ್ರ ಗೇಟ್ ಇಳಿಸಿಬಿಡ್ರಿ, ಬರಂಗಿಲ್ಲ" ಎಂದು ಧೈರ್ಯ ಹೇಳಿದರು. ಆಣೆಕಟ್ಟಿನ ಗೇಟು ಇಳಿಸಿದರೆ ನೀರು ವಾಪಸು ಹೋಗುವುದಿಲ್ಲ, ಅಲ್ಲೇ ಏರುತ್ತದೆ ಎಂಬುದು ಇಡೀ ಮುನಿರಾಬಾದಿನಲ್ಲಿ ಅವರೊಬ್ಬರಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬೇವೂರಿನಿಂದ ಸುದ್ದಿ ಬಂತು: ನನ್ನ ಹೆಂಡತಿ ನೀಲವ್ವನ ತಂಗಿಗೆ ಮದುವೆ ಗಟ್ಟಿಯಾಗಿದೆ. ನಾನು "ಛಲೋ ಆತು" ಎಂದೆ. ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರೆ ಮಾತು ದೊಡ್ಡದಿದೆ ಎಂದು ಅರ್ಥ.

"ಒಂದು ಮಾತು ಹೇಳ್ತೀನಿ ಕೇಳ್ರಿ. ನೀವು ನನ್ನ ಹೆಸರು ಹೇಳಲಿಲ್ಲ ಅಂತ ನನಗ ಸಿಟ್ಟಿಲ್ಲ. ನೀವು ಹೇಳಿದ ಮ್ಯಾಲೆ ನಾ ಹೇಳಬೇಕಾಗಿತ್ತು. ನೀವು ಬಿದ್ರಿ, ಮಂದಿಯೆಲ್ಲಾ ನಿಮಗ ನೀರು ಹೊಡಿಯಾಕ ಹೋದ್ರು, ನನ್ನ ಯಾರೂ ಕೇಳಲೇ ಇಲ್ಲ. ನಮ್ಮವ್ವ ಕಲಿಸಿದ ಒಡಪು ಇನ್ನೂ ನನ್ನ ಗಂಟಲಾಗ ಐತಿ."

ಇದು ನನಗೆ ಹೊಸ ವಿಷಯ. ಇಷ್ಟು ದಿನ ಮಾನ ಹೋದದ್ದು ನನ್ನೊಬ್ಬನದೇ ಎಂದುಕೊಂಡಿದ್ದೆ.

"ಹೇಳ್ತೀನಿ ನೀಲಾ. ಮನಸ್ಸು ಒಂದೀಟು ಗಟ್ಟಿ ಆಗಲಿ."

"ಅದು ಗಟ್ಟಿ ಆಗೂದ್ರಾಗ ನನ್ನ ಹಲ್ಲು ಉದುರ್ತಾವು. ಈ ಸಲ ಹೇಳಲಿಲ್ಲ ಅಂದ್ರ ನಾ ಆ ಹೊಸ್ತಿಲಾ ದಾಟಂಗಿಲ್ಲ. ಅಂಗಳದಾಗ ಮದುಮಕ್ಕಳಿಗೆ ಅಕ್ಕಿಕಾಳು ಹಾಕಿ ಹೊಳ್ಳಿ ಬರ್ತೀನಿ. ಮತ್ತ ತವರಿನ ಹೆಸರು ಎತ್ತಂಗಿಲ್ಲ."

ಅವಳು ಬಾಯಿಮಾತಿಗೆ ಹೇಳುವವಳಲ್ಲ. ಒಮ್ಮೆ ಬೆಲ್ಲ ತರಲು ಮರೆತೆನೆಂದು ಹಬ್ಬಕ್ಕೆ ಸಪ್ಪನೆಯ ಹೋಳಿಗೆ ಮಾಡಿ ಬಡಿಸಿದವಳು. ನಾನು ಮರುದಿನವೇ ರಜೆ ಹಾಕಿ ಕೊಪ್ಪಳಕ್ಕೆ ಹೋದೆ. ಅಲ್ಲಿ ಹೊಸದಾಗಿ ಸ್ವಂತ ದವಾಖಾನೆ ತೆರೆದಿದ್ದ ಡಾಕ್ಟರೊಬ್ಬರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು.

"ಎದಿ ಛಲೋ ಐತ್ರಿ. ಹೊಡಕೊಳ್ಳೂದು ಅದರ ಕೆಲಸ."

"ಹೆದರಿಕಿ ಹೋಗಾಕ ಏನರ ಕೊಡ್ರಿ ಸಾಹೇಬ್ರ. ಅದು ಹೋತಂದ್ರ ಒಡಪು ಹೇಳಿಬಿಡ್ತೀನಿ."

"ಅದು ಹೋಗೂತನಾ ಕುಂದರ್ತೀರೇನು? ಈಗ ನನ್ನ ನೋಡ್ರಿ. ಸೂಜಿ ಹಿಡಿದ್ರ ಇವತ್ತಿಗೂ ಕೈ ನಡುಗ್ತಾವು. ಹೋಗಲಿ, ಹೋಗಲಿ ಅಂತ ಭಾಳ ಗುದ್ದಾಡಿದೆ. ಗುದ್ದಾಡಿದಷ್ಟೂ ಜಾಸ್ತಿ ಆತು. ಈಗ ಬಿಟ್ಟೀನಿ. ಬಂದಿ ಏನಪಾ, ಬಾ, ಮಗ್ಗಲಾಗ ಕುಂದ್ರು ಅಂತೀನಿ. ಅದು ಕುಂದರ್ತೈತಿ, ನಾ ಸೂಜಿ ಚುಚ್ತೀನಿ. ಅದರ ಕೆಲಸ ಅದು ಮಾಡ್ತೈತಿ, ನನ್ನ ಕೆಲಸ ನಾ ಮಾಡ್ತೀನಿ."

ಇಷ್ಟು ಹೇಳಿ ಅವರು ಶಕ್ತಿ ಬರಲೆಂದು ನನಗೆ ಹಾಕಲು ಒಂದು ಸೂಜಿ ತುಂಬಿಕೊಂಡರು. ಡಾಕ್ಟರಾದವರು ತಮ್ಮ ಮನಸ್ಸಿನ ಕಷ್ಟವನ್ನು ರೋಗಿಯ ಹತ್ತಿರ ಹೇಳಿಕೊಳ್ಳುವುದಾದರೆ ಸೂಜಿ ಹಾಕಿದ ಮೇಲೆ ಹೇಳಿಕೊಳ್ಳುವುದು ವಾಸಿ ಎಂಬುದು ನನ್ನ ನಮ್ರ ಅಭಿಪ್ರಾಯ. ಅವರ ಕೈ ನಡುಗಿತು. ಸೂಜಿ ನೆಟ್ಟಗೆ ಹೋಯಿತು. ಎರಡನ್ನೂ ನಾನು ಕಣ್ಣಾರೆ ಕಂಡೆ.

"ಒಡಪು ಯಾರ ಸಲುವಾಗಿ ಹೇಳಬೇಕಾಗೇತ್ರಿ?" ಅರಿವೆಯಿಂದ ತೋಳು ತಿಕ್ಕುತ್ತ ಅವರು ಕೇಳಿದರು.

"ಹೆಂಡ್ತಿ ಸಲುವಾಗಿ."

"ಆಕಿ ಬೇಕೇನು?"

"ಬೇಕ್ರಿ. ಭಾಳ ಬೇಕು."

"ಮತ್ತ ಎದೀನ ಯಾಕ ಕೇಳಾಕತ್ತೀರಿ? ಅದಕ್ಕೇನು ಗೊತ್ತು?"

ಹೀಗೆ ಹೆದರಿಕೆಗೆ ಮದ್ದಿಲ್ಲದೆ ಮುನಿರಾಬಾದಿಗೆ ಬಂದೆ. ಪ್ರಾಸವಿದ್ದ, ದೇವರ ಹೆಸರಿದ್ದ, ಕಮಲವೂ ಮಲ್ಲಿಗೆಯೂ ಇದ್ದ ಒಂದು ಒಡಪನ್ನು ಗಟ್ಟಿಮಾಡಿದೆ. ಬಚ್ಚಲಲ್ಲಿ ಹೇಳಿದೆ, ಕಾಲುವೆಯ ದಂಡೆಯ ಮೇಲೆ ಹೇಳಿದೆ, ಅಲ್ಲಿ ಮೇಯುತ್ತಿದ್ದ ಎಮ್ಮೆಗಳ ಮುಂದೆಯೂ ಹೇಳಿದೆ. ಎಮ್ಮೆಗಳ ಮುಂದೆ ಮಾತ್ರ ಸ್ವಲ್ಪ ತಡವರಿಸಿದೆ. ಒಂದು ಎಮ್ಮೆ ತಲೆಯೆತ್ತಿ ನೋಡಿತ್ತು.

ಬೇವೂರಿನಲ್ಲಿ ಅಕ್ಕಿಕಾಳು ಬಿದ್ದವು. ಹೊಸ ಜೋಡಿ ದೇವರಿಗೆ ಹೋಗಿ ಬಂದು ಹೊಸ್ತಿಲ ಮುಂದೆ ನಿಂತಿತು. ಹುಡುಗ ಪಟಪಟನೆ ಒಡಪು ಹೇಳಿದ, ನಾದಿನಿ ನಾಚಿಕೊಂಡು ಹೇಳಿದಳು, ಒಳಗೆ ಹೋದರು. ನನ್ನ ಕಾಲು ಅಭ್ಯಾಸಬಲದಿಂದ ಹಿತ್ತಲ ಕಡೆ ತಿರುಗಿದ್ದವು. ಅಷ್ಟರಲ್ಲಿ ನೀಲವ್ವನ ಚಿಕ್ಕಮ್ಮ, ಎಲ್ಲರ ಬಾಯಲ್ಲಿ ಚಿಗವ್ವ, ಊರ ಕುಸ್ತಿಗೆ ಇಳಿಸಬಹುದಾದ ಹೆಂಗಸು, ಬಾಗಿಲ ಎರಡೂ ಕಂಬಕ್ಕೆ ಕೈ ಕೊಟ್ಟು ನಿಂತರು.

"ಹಿರೇ ಅಳ್ಯಾರು ಎಲ್ಲಿಗೆ ಹೊಂಟ್ರಿ? ಹೆಸರು ಹೇಳಿ ಒಳಗ ಬರ್ರಿ. ಇಲ್ಲಂದ್ರ ಅಂಗಳದಾಗ ಎತ್ತಿನ ಮಗ್ಗಲಾಗ ಎಲಿ ಹಾಕಿಸ್ತೀನಿ."

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಸುಮ್ಮನಾದರು. ನಾನು ಅಂಜುತ್ತಿದ್ದದ್ದು ಈ ಸುಮ್ಮನಾಗುವುದಕ್ಕೇ. ಎದೆ ಶುರುಮಾಡಿತು. ಕಾಲು ಜೊತೆಗೂಡಿದವು. ಕಮಲ ಹೋಯಿತು, ಮಲ್ಲಿಗೆ ಹೋಯಿತು, ದೇವರೂ ಹೋದ. ಎಲ್ಲಿ ಬೀಳಬೇಕೆಂದು ನೆಲ ನೋಡುತ್ತಿದ್ದವನು ಪಕ್ಕದಲ್ಲಿದ್ದ ನೀಲವ್ವನನ್ನು ನೋಡಿದೆ. ಅವಳು ನನ್ನ ಕಡೆ ತಿರುಗಿರಲಿಲ್ಲ. ಹೊಸ್ತಿಲನ್ನೇ ನೋಡುತ್ತಿದ್ದಳು, ತುಟಿ ಮೆಲ್ಲಗೆ ಅಲುಗುತ್ತಿದ್ದವು. ತನ್ನ ಒಡಪನ್ನು ಮನಸ್ಸಿನಲ್ಲೇ ಹೇಳಿಕೊಂಡು ಸಿದ್ಧವಾಗುತ್ತಿದ್ದಳು. ನನ್ನಂಥವನನ್ನು ನಂಬಿಕೊಂಡು! ನನಗೆ ಅಳುವೇ ಬಂತು. ಬಂದಿ ಏನಪಾ ಹೆದರಿಕೀ, ನಿಂದ್ರು ಮಗ್ಗಲಾಗ ಎಂದುಕೊಂಡೆ. ಅದು ನಿಂತಿತು. ಕೈಯಲ್ಲಿ ಬೇರೆ ಸರಕಿಲ್ಲದ್ದರಿಂದ ಇದ್ದದ್ದನ್ನೇ ಹೇಳಿದೆ:

"ಎದಿ ಢವಢವ, ಕಾಲು ಗಡಗಡ, ಬಾಯಾಗಿಲ್ಲ ನೀರು,
ನಡಗಿಕೋಂತ ಹೇಳ್ತೀನಿ, ನೀಲವ್ವನ ಬಿಟ್ರ ನನಗ ಯಾರು?"

ಧ್ವನಿ ಮೇಕೆಯ ಹಾಗೆ ನಡುಗಿತು. ಆದರೂ ಒಡಪು ಪೂರ್ತಿ ಹೊರಗೆ ಬಂತು. ಅಂಗಳವೆಲ್ಲ ಹೋ ಎಂದಿತು. ಚಿಗವ್ವ "ಯವ್ವಾ, ಮೂಗ ಮಾತಾಡಿದ!" ಎಂದು ಎರಡೂ ಕೈಯಿಂದ ನನ್ನ ದೃಷ್ಟಿ ನಿವಾಳಿಸಿ ಲಟಿಕೆ ಮುರಿದರು. ಎದೆ ಆಗಲೂ ಹೊಡೆದುಕೊಳ್ಳುತ್ತಲೇ ಇತ್ತು. ಒಡಪು ಮುಗಿಯಿತೆಂದು ಅದಕ್ಕೆ ಯಾರೂ ತಿಳಿಸಿರಲಿಲ್ಲ.

"ಈಗ ನೀ ಹೇಳವಾ ನೀಲಾ" ಎಂದರು ಚಿಗವ್ವ. ಅಂಗಳ ಮತ್ತೆ ಸುಮ್ಮನಾಯಿತು, ಈಗ ನೀಲವ್ವನ ಬಾಯಿ ನೋಡಿತು. ಊರ ಬೀಸುಕಲ್ಲಿನ ಪದಗಳೆಲ್ಲ ಬಾಯಿಗೆ ಬರುತ್ತಿದ್ದವಳು, ಯಾವ ಸಭೆಗೂ ಅಂಜದವಳು, ಬಾಯಿ ತೆರೆದಳು, ಮುಚ್ಚಿದಳು. ಕಣ್ಣು ತುಂಬಿ ಬಂದವು. ವರ್ಷಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದ ಒಡಪು ಬೇಕಾದಾಗ ಅಲ್ಲಿಂದ ಏಳಲೇ ಇಲ್ಲ. ಅವಳ ಕೈ ಬಂದು ನನ್ನ ಧೋತರದ ಚುಂಗನ್ನು ಹಿಡಿಯಿತು. ಆ ಕೈ ನಡುಗುತ್ತಿತ್ತು. ನನ್ನ ಹೆಂಡತಿಗೂ ಹೆದರಿಕೆ ಇದೆಯೆಂಬುದು ನನಗೆ ತಿಳಿದದ್ದು ಅಂದೇ.

ಕೊನೆಗೆ ಅವಳು ನನ್ನ ಮುಖವನ್ನೇ ನೋಡುತ್ತ, ಪ್ರಾಸವಿಲ್ಲದೆ, ಹಿಂದೆ ಮುಂದೆ ಏನೂ ಇಲ್ಲದೆ, ಹೊಲದ ಆಚೆ ಇದ್ದವನನ್ನು ಕೂಗುವಂತೆ ಗಟ್ಟಿಯಾಗಿ "ವೀರಭದ್ರಪ್ಪಾ!" ಎಂದಳು.

ಅತ್ತೆ ನಾಲಿಗೆ ಕಚ್ಚಿಕೊಂಡರು. ಮಾವ ಮುಂಡಾಸು ಸರಿಮಾಡಿಕೊಳ್ಳುವವರಂತೆ ಬೇರೆ ಕಡೆ ತಿರುಗಿದರು. ಹುಟ್ಟಿದಾಗಿನಿಂದ ಎಷ್ಟೋ ಮಂದಿ ಕರೆದ ಆ ಹೆಸರು ಅಷ್ಟು ಚೆನ್ನಾಗಿ ನನಗೆ ಎಂದೂ ಕೇಳಿರಲಿಲ್ಲ. ಉತ್ತರವಾಗಿ ಒಂದು ಒಳ್ಳೆಯ ಮಾತು ಆಡಬೇಕು, ಜೀವಮಾನದಲ್ಲಿ ಒಮ್ಮೆಯಾದರೂ ಗಂಡಸಿನಂತೆ ಆಡಬೇಕು ಅನ್ನಿಸಿತು. ಎದೆ ಢವಢವ ಎನ್ನುತ್ತಿದ್ದರೂ ಲೆಕ್ಕಿಸದೆ ಬಾಯಿ ಬಿಟ್ಟೆ. ಹೊರಗೆ ಬಂದದ್ದು ಇಷ್ಟೇ:

"ಹಾಜರ್ ಅದೀನ್ರಿ!"