ಚಾದರ ಹೊದ್ದು ಅಕ್ಕಲಕೋಟೆಗೆ

ಸೊಲ್ಲಾಪುರದ ಬಿಸಿಲನ್ನು ಬೈಯುವುದು ಸೊಲ್ಲಾಪುರದವರ ಹಕ್ಕು. ಪರಊರಿನವರು ಬೈದರೆ ಮಾತ್ರ ನಮಗೆ ಸಿಟ್ಟು ಬರುತ್ತದೆ. "ಇಷ್ಟಕ್ಕ ಸಾಕಾತೇನ್ರಿ? ಮೇ ತಿಂಗಳು ಇನ್ನೂ ಬಂದಿಲ್ಲ" ಎಂದು, ಮುಂಗೋಪಿ ಅಳಿಯನನ್ನು ಹೊಗಳುವ ಅತ್ತೆಯ ಹಾಗೆ ಹೆಮ್ಮೆಪಡುತ್ತೇವೆ. ಇಂಥ ಊರಲ್ಲಿ ಕಾರು ಇಟ್ಟುಕೊಳ್ಳುವುದೆಂದರೆ ತಗಡಿನ ಡಬ್ಬಿಯೊಳಗೆ ಕೂತು, ನಾವೇ ಮುಚ್ಚಳ ಹಾಕಿಕೊಂಡು, ಒಲೆ ಏರಿದಂತೆಯೇ ಸರಿ.

ಕಾರನ್ನು ತಂಪು ಮಾಡುವ ಇತಿಹಾಸ ನಮ್ಮ ಮನೆಯಲ್ಲಿ ಒದ್ದೆ ಟವೆಲ್ಲಿನಿಂದ ಶುರುವಾಯಿತು. ನಮ್ಮ ಯಜಮಾನರು ಅದನ್ನು ಸೀಟಿಗೆ ಹಾಸಿ ಕೂರುತ್ತಿದ್ದರು. ಇಳಿದ ಮೇಲೆ ಅವರ ಧೋತರದ ಹಿಂಭಾಗ ನೋಡಿ ಜನ ಏನೇನೋ ತಿಳಿದುಕೊಳ್ಳುತ್ತಿದ್ದರು. ಆಮೇಲೆ ಕಿಟಕಿಗೆ ಲಾವಂಚದ ಪರದೆ ಬಂತು. ಘಮಘಮ ಅನ್ನುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಮಾರ್ಕೆಟಿನಲ್ಲಿ ಎತ್ತೊಂದು ಅದನ್ನು ಮೇವೆಂದು ತಿಳಿದು ಎಳೆದುಕೊಂಡು ಹೋಯಿತು. ಆ ಹೊತ್ತಿಗೆ ನಮ್ಮ ಯಜಮಾನರು ಕ್ಷೌರದ ಅಂಗಡಿಯಲ್ಲಿ ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆ ಓದಿಕೊಂಡು ಬಂದರು. ಅಮೆರಿಕದಲ್ಲಿ ಮೊದಮೊದಲು ಬಂದ ಏಸಿ ಡಿಕ್ಕಿಯ ಅರ್ಧ ಜಾಗ ನುಂಗುತ್ತಿತ್ತಂತೆ. ಅದಕ್ಕೆ ಸ್ವಿಚ್ಚೇ ಇರಲಿಲ್ಲವಂತೆ. ನಿಲ್ಲಿಸಬೇಕೆಂದರೆ ಇಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, ಬೆಲ್ಟು ಬಿಚ್ಚಬೇಕಿತ್ತಂತೆ. ನನಗೆ ನಮ್ಮ ಅತ್ತೆಯ ಸಿಟ್ಟು ನೆನಪಾಯಿತು. ಅದಕ್ಕೂ ಸ್ವಿಚ್ಚಿರಲಿಲ್ಲ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಸಿಟ್ಟನ್ನು ಚಾಲೂ ಮಾಡಿದವರು ಅತ್ತೆಯ ತಂಗಿ, ಅಕ್ಕಲಕೋಟೆಯ ಚಿಗವ್ವ. ಅವರ ಮಗ ಬಸಣ್ಣ ಮುಂಬೈಯಿಂದ ಏಸಿ ಇರುವ ಹಳೆಯ ಪರದೇಶದ ಕಾರೊಂದನ್ನು ತಂದಿದ್ದ. ಒಂದು ಮಧ್ಯಾಹ್ನ ಅದು ಗಾಜುಗಳನ್ನೆಲ್ಲ ಏರಿಸಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಿತು. ಒಳಗಿಂದ ಚಿಗವ್ವ ಇಳಿದರು, ಮೈತುಂಬ ಶಾಲು ಹೊದ್ದುಕೊಂಡು!

"ಏನ್ ಮಾಡ್ಲಿ ಅಕ್ಕಾ, ಗಾಡ್ಯಾಗ ಥಂಡಿ ಭಾಳ."

ನಮ್ಮದು ಚಾದರದ ವ್ಯಾಪಾರ. ತಲೆತಲಾಂತರದಿಂದ ಊರಿಗೆಲ್ಲ ಹೊದಿಸಿದ ಮನೆಯ ಹೊಸ್ತಿಲಲ್ಲಿ ಕಡುಬೇಸಿಗೆಯಲ್ಲಿ ಒಬ್ಬರು ಶಾಲು ಹೊದ್ದು ನಿಂತರೆ ಹೇಗಾಗಬೇಡ? ಚಿಗವ್ವ ಚಹಾ ಕುಡಿದು ಹೋದ ಮೇಲೆ ಅತ್ತೆ ಗುಡುಗಿದರು: "ನನ್ನ ಕೈಯಾಗ ಬೆಳೆದಾಕಿ, ನನ್ನ ಮನ್ಯಾಗ ಬಂದು ನಡುಗಿ ತೋರಸ್ತಾಳ! ಇನ್ನ ಅಕಿ ಮನಿ ಮೆಟ್ಟಲಾ ಹತ್ತಂಗಿಲ್ಲ."

ಮುಂದಿನ ತಿಂಗಳೇ ಬಸಣ್ಣನ ಕೂಸಿನ ತೊಟ್ಟಿಲ ಶಾಸ್ತ್ರ. ಅಕ್ಕತಂಗಿಯರ ತವರಿನ ರೂಢಿಯಂತೆ ತೊಟ್ಟಿಲನ್ನು ಮೊದಲು ತೂಗಬೇಕಾದವರು ಹಿರಿಯ ಹೆಣ್ಣುಮಗಳು, ಅಂದರೆ ನಮ್ಮ ಅತ್ತೆಯೇ. "ಅಕ್ಕ ಬರಲಿಲ್ಲಂದ್ರ ತೊಟ್ಲಾ ತೂಗಂಗಿಲ್ಲ" ಎಂದು ಚಿಗವ್ವ ಹೇಳಿ ಕಳಿಸಿದರು. ಅತ್ತೆ ಹೋಗದಿದ್ದರೆ ಅಕ್ಕತಂಗಿಯರ ಮಾತುಕತೆ ಅಲ್ಲಿಗೇ ಮುಗಿದಂತೆ. ನಾವೆಲ್ಲ ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಅತ್ತೆ ಒಪ್ಪಿದರು. "ಬರ್ತೀನಿ. ನಾನೂ ಗಾಜು ಏರಿಸ್ಕೊಂಡು, ಚಾದರ ಹೊತ್ಕೊಂಡ ಇಳೀತೀನಿ."

"ಅವ್ವಾ, ನಮ್ಮ ಗಾಡ್ಯಾಗ ಏಸಿ ಎಲ್ಲೈತಿ?" ಅಂದರು ಯಜಮಾನರು.

"ಹಚ್ಚಸು."

"ಹಣಿಗಿ ಕುಂಕುಮಾನ ಅದು, ಹಚ್ಚಾಕ?"

ತಾಯಿಮಗ ಇಬ್ಬರೂ ನನ್ನ ಕಡೆ ತಿರುಗಿದರು. ನಮ್ಮ ಮನೆಯಲ್ಲಿ ಆಗದ ಕೆಲಸವೆಲ್ಲ ಅಡುಗೆಮನೆಗೆ ಸೇರಿದ್ದು. ಮದುವೆಗಳಲ್ಲಿ ಶರಬತ್ತಿಗೆ ಬರ್ಫ ತರಿಸಿ ಗೊತ್ತಿದ್ದ ನಾನು, ಬರ್ಫದ ಕಾರಖಾನೆಯಿಂದ ದೊಡ್ಡ ಮಂಜುಗಡ್ಡೆ ತರಿಸಿ, ಕಟ್ಟಿಗೆ ಹೊಟ್ಟು ಮೆತ್ತಿ, ಗೋಣಿ ಸುತ್ತಿ, ಬಟ್ಟೆ ನೆನೆಸುವ ಟಬ್ಬಿನಲ್ಲಿಟ್ಟು ಅತ್ತೆಯ ಕಾಲಬಳಿ ಕೂರಿಸಿದೆ. ಅತ್ತೆ ಅಂಗಡಿಯ ಎಲ್ಲಕ್ಕಿಂತ ದಪ್ಪ ಚಾದರ ಹೊದ್ದರು. ನಾಲ್ಕೂ ಗಾಜು ಏರಿದವು.

ಊರು ದಾಟುವವರೆಗೆ ನಿಜವಾಗಿಯೂ ತಂಪಿತ್ತು. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ. ಆಮೇಲೆ ಗಾಜಿಗೆಲ್ಲ ಮಂಜು ಹಿಡಿಯಿತು. ಯಜಮಾನರು ಒಂದು ಕೈಯಲ್ಲಿ ಟೋಪಿಯಿಂದ ಗಾಜು ಒರೆಸುತ್ತ, ಇನ್ನೊಂದು ಕೈಯಲ್ಲಿ ಕಾರು ಓಡಿಸತೊಡಗಿದರು. ರಸ್ತೆಯ ತಗ್ಗಿಗೊಮ್ಮೆ ಟಬ್ಬು ತುಳುಕಿ ಹೊಟ್ಟಿನ ನೀರು ನನ್ನ ರೇಷ್ಮೆ ಸೀರೆಗೆ ಬಂತು. ಒಳಗೆ ಇಡ್ಲಿ ಪಾತ್ರೆಯ ಹಬೆ. ದಾರಿಯಲ್ಲಿ ಸಿಗುವ ವಳಸಂಗದಲ್ಲಿ ಎಸ್.ಟಿ. ಬಸ್ಸು ಅಡ್ಡ ನಿಂತಿತ್ತು, ನಾವೂ ನಿಂತೆವು. ಒಬ್ಬ ಹೆಂಗಸು, ಯಜಮಾನರು ಒರೆಸಿದ್ದ ಗಾಜಿನಿಂದ ಒಳಗೆ ಇಣುಕಿ, ಮುಚ್ಚಿದ ಗಾಜಿನಾಚೆಯಿಂದಲೂ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು: "ಅಯ್ಯ ಪಾಪ! ಆಯಿಗಿ ಚಳಿಜ್ವರ ಬಂದೈತಿ, ದವಾಖಾನಿಗಿ ಒಯ್ಯಾಕತ್ತಾರ. ಬಸ್ ಸರಸ್ರೋ!"

"ಗಾಜು ಇಳಸು! ಅಕಿ ಬಾಯಿಗಿಷ್ಟು ಮಣ್ಣು ಹಾಕ್ತೀನಿ" ಎಂದು ಅತ್ತೆ ಎದ್ದರು. ಮರುಗಳಿಗೆಯೇ ಕೂತರು. "ಬ್ಯಾಡ, ಇಳಸಬ್ಯಾಡ. ನಡಿ."

ಅಕ್ಕಲಕೋಟೆಯಲ್ಲಿ ಚಿಗವ್ವ ಓಡಿ ಬಂದು ಕಾರಿನ ಬಾಗಿಲು ತೆರೆದರೆ, ಮೊದಲು ಇಳಿದದ್ದು ಟಬ್ಬಿನ ನೀರು. ಅದರ ಹಿಂದೆ ಅತ್ತೆ. "ಥಂಡಿ ಭಾಳ ಆತವ್ವಾ" ಅಂದರು. ಅನ್ನುವಾಗಲೇ ಮೂಗಿನ ತುದಿಯಿಂದ ಬೆವರಿನ ಹನಿಯೊಂದು ಟಪ್ಪನೆ ಬಿತ್ತು. ಚಿಗವ್ವ ಚಾದರದೊಳಗೆ ಕೈ ಹಾಕಿ ಅಕ್ಕನ ಕೈ ಹಿಡಿದರು. ತೊಯ್ದು ತೊಪ್ಪೆಯಾದ ಕೈ. ತೆಂಗಿನಕಾಯಿಯಷ್ಟು ಉಳಿದಿದ್ದ ಬರ್ಫವನ್ನು ನೋಡಿದರು.

"ಅಕ್ಕಾ, ನೀನೂನಾ?"

"ನೀನೂ ಅಂದ್ರ?"

"ನಮ್ಮ ಬಸ್ಯಾ ತಂದ ಗಾಡ್ಯಾಗಿನ ಮಶಿನ್ನು ಮುಂಬೈ ದಾಟಿದ ಕೂಡ್ಲೆ ಸತ್ತೈತಿ. ಅವತ್ತ ನಿಮ್ಮ ಮನಿಗಿ ಶಾಲು ಹೊತ್ತ ಬಂದು ನಾ ಸಾಯೋದೊಂದ ಬಾಕಿ ಇತ್ತು. 'ಶಾಲು ತೆಗಿ' ಅಂತ ನೀ ಒಂದ್ ಮಾತು ಅನ್ನಲಿಲ್ಲ."

"ನಡಗಾಕತ್ತಿದ್ದೆಲ್ಲಾ!"

"ಎಲ್ಲೀ ನಡುಗೋದು, ತಲಿ ತಿರುಗಾಕತ್ತಿತ್ತು!"

ಅತ್ತೆ ನಕ್ಕರು. ಆ ನಗೆಗೂ ಸ್ವಿಚ್ಚಿರಲಿಲ್ಲ. ಅಕ್ಕತಂಗಿಯರು ಕಟ್ಟೆಯ ಮೇಲೆ ಕೂತು, ನನ್ನ ಟಬ್ಬನ್ನೇ ತರಿಸಿ, ಉಳಿದ ತಣ್ಣೀರಿನಲ್ಲಿ ನಾಲ್ಕೂ ಕಾಲು ಇಳಿಬಿಟ್ಟುಕೊಂಡರು. ಒಳಗೆ ಹೆಂಗಸರು ಜೋಗುಳ ಶುರುಮಾಡಿ, ಸಾಕಾಗಿ, ಮತ್ತೆ ಮೊದಲಿನಿಂದ ಹಾಡಿದರು. ಅತ್ತೆ ತೊಟ್ಟಿಲು ತೂಗಿದ್ದು ಒದ್ದೆ ಕಾಲಿನಲ್ಲೇ.

ಸಂಜೆ ವಾಪಸು ಬರುವಾಗ ಗಾಜುಗಳೆಲ್ಲ ಇಳಿದಿದ್ದವು. ಗಾಳಿ ಏನು ಹಿತ! ಮುಂದೆ ಕೂತಿದ್ದ ನಾನು, ಈ ದೊಡ್ಡವರಿಗೆ ಒಣ ಡೌಲು ಯಾಕೆ ಬೇಕಿತ್ತು, ಇದ್ದದ್ದು ಇದ್ದ ಹಾಗೆ ಇರಬಾರದೇ ಎಂದು ಮನಸ್ಸಿನಲ್ಲೇ ದೊಡ್ಡ ಉಪದೇಶ ಮಾಡಿಕೊಳ್ಳುತ್ತಿದ್ದೆ. ವಳಸಂಗದಲ್ಲಿ ಮತ್ತೆ ಬಸ್ಸು. ಅದರ ಕಿಟಕಿಯಲ್ಲಿ, ಬೆವರು ಒರೆಸಿಕೊಳ್ಳುತ್ತ, ನಮ್ಮ ಪಕ್ಕದ ಮನೆಯ ನಿರ್ಮಲಾ ವಹಿನಿ!

ಅವರು ಇನ್ನೂ ನಮ್ಮ ಕಡೆ ನೋಡಿರಲಿಲ್ಲ. ಅಷ್ಟರಲ್ಲೇ ನನ್ನ ಕೈ, ನನ್ನನ್ನೊಂದು ಮಾತೂ ಕೇಳದೆ, ಹಿಡಿಕೆ ತಿರುಗಿಸಿ ಗಾಜನ್ನು ಅರ್ಧ ಏರಿಸಿಬಿಟ್ಟಿತ್ತು.

ಹಿಂದಿನ ಸೀಟಿನಿಂದ ಅತ್ತೆಯ ಧ್ವನಿ ಬಂತು: "ಪೂರಾ ಏರಸವಾ. ಚಾದರ ಕೊಡ್ಲೇನು?"