ನನ್ನ ರೇಡಿಯೋ ತೊಟ್ಟುಕೊಂಡ ಕಂಪ್ಯೂಟರಿಗೆ

ಮೊದಲಿಗೆ, ನಮ್ಮ ಓಣಿಯ ಕಾವಲುಕಟ್ಟೆಯ ಗೋಡೆಗೆ ಅಂಟಿಸಿದ ಇದನ್ನು ಓದುತ್ತ ನಿಂತಿರುವ ನಿಮಗೊಂದು ಮಾತು: ಬಾಯಲ್ಲೇನು ಕಡುಬು ತುರುಕಿಕೊಂಡಿದ್ದೀರಾ? ಪತ್ರ ನಿಮಗಲ್ಲ. ಯಾರಿಗೆ ಬರೆದೆನೋ ಅವರಿಗೆ ಕಣ್ಣಿಲ್ಲ, ಆದ್ದರಿಂದ ಕಳ್ಳರ ಹಾಗೆ ಮನಸ್ಸಿನಲ್ಲೇ ಓದಿಕೊಳ್ಳುವುದನ್ನು ಬಿಟ್ಟು, ಇದನ್ನು ಕಿತ್ತುಕೊಂಡು ನಮ್ಮ ಮನೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ನನ್ನ ಅಳಿಯ ವಾಸಿಸನ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿ.

ಮಾನ್ಯ ಕಂಪ್ಯೂಟರ್ ಮಹಾಶಯರೇ,

ಸೆಮರಾಂಗ್ ಪಟ್ಟಣದ ಹೆಂದಾರ್ತೊ ಯಜಮಾನರ ಅಟ್ಟದಲ್ಲಿ ಇಷ್ಟು ಕಾಲ ಇಲಿಗಳ ಸೇವೆ ಸ್ವೀಕರಿಸಿ, ಈಗ ಮೈಯೆಲ್ಲ ಬಿರುಕು ಬಿಟ್ಟುಕೊಂಡು ಸಾಲಾತಿಗದ ನಮ್ಮ ಮನೆಗೆ ದಯಮಾಡಿಸಿರುವ ತಮ್ಮ ಪಾದಗಳಿಗೆ, ಅಂದರೆ ಕೆಳಗಿನ ನಾಲ್ಕು ರಬ್ಬರ್ ಗುಂಡಿಗಳಲ್ಲಿ ಬೀಳದೆ ಉಳಿದ ಮೂರಕ್ಕೆ, ಭಯಭಕ್ತಿಯ ನಮಸ್ಕಾರಗಳು.

ತಾವು ಎಂಥ ಸುಕುಮಾರರೆಂದು ಬಂದ ದಿನವೇ ತಿಳಿಯಿತು. ಹಳೇ ಕಂಪ್ಯೂಟರುಗಳ ಒಡೆದ ಮೈ ಬೆಸೆಯುವುದೇ ಕಸುಬಾದ ನನ್ನ ಅಳಿಯ ತಮ್ಮನ್ನು ಕೂಸಿನಂತೆ ಎತ್ತಿದರೂ ಬಲಭುಜ ಲಟಕ್ಕೆಂದಿತು. ಭುಜ ಹಿಡಿದರೆ ಸೊಂಟ. "ವಯಸ್ಸಾಗಿದೆ ಅಮ್ಮಾ, ಪ್ಲಾಸ್ಟಿಕ್ಕು ಹಪ್ಪಳ ಆಗ್ಬಿಟ್ಟಿದೆ" ಎಂದ. "ನನಗೂ ವಯಸ್ಸಾಗಿದೆ ಕಣೋ, ನಾನೇನು ಮುಟ್ಟಿದ ಕಡೆಯೆಲ್ಲ ಮುರೀತೀನಾ?" ಎಂದೆ. ಅವನ ಕಣ್ಣು ಆಗಲೇ ನನ್ನ ರೇಡಿಯೋ ಮೇಲಿತ್ತು.

ತಮ್ಮ ಗಾಯಕ್ಕೆ ತಮ್ಮ ಜಾತಿಯ ಪ್ಲಾಸ್ಟಿಕ್ಕೇ ಮದ್ದಂತೆ. ಉಗುರುಬಣ್ಣ ಅಳಿಸುವ ನೀರಿನಲ್ಲಿ ಅದರ ಚೂರು ನೆನೆಹಾಕಿದರೆ ಕರಗಿ ಗಂಜಿಯಾಗುತ್ತದೆ, ಅದನ್ನು ಬಿರುಕಿಗೆ ಮೆತ್ತಿದರೆ ಒಣಗಿ ಕಲ್ಲಾಗುತ್ತದೆ. ಇಡೀ ಓಣಿಯಲ್ಲಿ ತಮ್ಮ ದಂತದ ಬಣ್ಣಕ್ಕೆ ಸರಿಹೊಂದುವ ಪುಣ್ಯ ನನ್ನ ರೇಡಿಯೋಗೇ ಇತ್ತು. "ಅಮ್ಮಾ, ಬ್ಯಾಟರಿ ಮುಚ್ಚಳ ಮಾತ್ರ. ಹಿಂದುಗಡೆ ಯಾರು ನೋಡ್ತಾರೆ?" ಎಂದ. ಕೊಟ್ಟೆ. ಭುಜ ಕೂಡಿತು, ಸೊಂಟ ಬಿಟ್ಟಿತು. ರೇಡಿಯೋದ ಬೆನ್ನು ಹೋಯಿತು. ಸೊಂಟ ಕೂಡಿತು, ಕುತ್ತಿಗೆ ಬಿಟ್ಟಿತು, ರೇಡಿಯೋದ ಮುಖವೂ ಹೋಯಿತು. ತಾವು ಇಂದ್ರನಂತೆ ಹೊಳೆಯುತ್ತ ಕೂತಿರಿ, ನನ್ನ ರೇಡಿಯೋ ಪುಕ್ಕ ಕಿತ್ತ ಕೋಳಿಯಾಯಿತು.

ಬತ್ತಲೆ ಬಿಡುವುದು ಹೇಗೆಂದು ಅದನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟೆ, ಅದು ಮೂಕವಾಯಿತು. ಡಬ್ಬಿಯಿಂದ ತೆಗೆದರೆ ಮಾತಾಡುತ್ತದೆ, ಆದರೆ ಹಲ್ಲಿಯೊಂದು ಒಳಗೆ ಸಂಸಾರ ಹೂಡಿ, ಕೆತೊಪ್ರಾಕ್ ಎಂಬ ರಾಜರಾಣಿಯರ ನಾಟಕದಲ್ಲಿ ರಾಣಿ ವುಲಾನ್ ಅಳುವಾಗಲೆಲ್ಲ ಲೊಚಗುಟ್ಟುತ್ತದೆ. ಪ್ರತಿ ಗುರುವಾರ ನನ್ನ ಜಗುಲಿಯ ಮೇಲೆ ಹುರಿದ ಬಾಳೆಕಾಯಿ ತಿನ್ನುತ್ತ ನಾಟಕ ಕೇಳುತ್ತಿದ್ದ ಹೆಂಗಸರೆಲ್ಲ ಈಗ ಎದುರುಮನೆ ಸುಮಿರಾಳ ಜಗುಲಿಗೆ ವಲಸೆ ಹೋಗಿದ್ದಾರೆ. ಹೋಗಲಿ. ಆದರೆ ಆ ಸುಮಿರಾ ಬೇಲಿಯಾಚೆಯಿಂದ "ಬಾ ಅಕ್ಕಾ, ಹಿಂದೆ ಕೂತ್ಕೋಬಹುದು, ಜಾಗ ಇದೆ" ಎಂದಳಲ್ಲ! ಹಿಂದೆ! ನಾನು! ನಮ್ಮ ಹೊಸವರ್ಷದ ಸುರೊ ತಿಂಗಳ ಮೊದಲ ಗುರುವಾರ ನಾಟಕದ ಕೊನೆಯ ಕಂತು; ರಾಣಿಗೆ ವಿಷವೋ ಪಟ್ಟವೋ ಎಂಬುದನ್ನು ನಾನು ಸುಮಿರಾಳ ಬೆನ್ನ ಹಿಂದೆ ಕೂತು ತಿಳಿಯಬೇಕೆ?

ಆದರೂ, ತಮ್ಮ ಕುತ್ತಿಗೆ ಮತ್ತೆ ಬಿಟ್ಟಾಗಲೂ, ತಮಗೆ ಕೇಡು ಬಯಸಲಿಲ್ಲ. ನಮ್ಮಲ್ಲಿ ಕೂಸು ಬಿಟ್ಟೂಬಿಡದೆ ಕಾಯಿಲೆ ಬಿದ್ದರೆ ಹೆಸರಿನ ಭಾರ ತಾಳುತ್ತಿಲ್ಲವೆಂದು ಹೆಸರು ಬದಲಿಸುತ್ತೇವೆ. ತಮ್ಮ ಎದೆಯ ಮೇಲಿನ ಹೆಸರೋ ಗೇಣುದ್ದ, ಸಾಲದ್ದಕ್ಕೆ ಬಾಲಕ್ಕೆ ಅಂಕಿಗಳು! ಅದನ್ನು ಹೊತ್ತು ಯಾರ ಸೊಂಟ ನಿಂತೀತು? ಕೆಂಪು ಗಂಜಿ, ಬಿಳಿ ಗಂಜಿ ಕಾಯಿಸಿ ತಮ್ಮ ಮುಂದಿಟ್ಟು, ಕ್ಷೇಮವಾಗಿರಲೆಂದು 'ಸ್ಲಾಮೆತ್' ಎಂದು ನಾಮಕರಣ ಮಾಡಿದೆ. ಕನ್ನಡಕ ಹಣೆಗೇರಿಸಿಕೊಂಡಿದ್ದ ಅಳಿಯ ತನ್ನ ಪ್ಲಾಸ್ಟಿಕ್ ಗಂಜಿಯ ಬಟ್ಟಲೆಂದು ನನ್ನ ಬಿಳಿ ಗಂಜಿಗೆ ಕಡ್ಡಿ ಅದ್ದಿ ತಮ್ಮ ಕುತ್ತಿಗೆಗೆ ಬಳಿದ. ಮರುದಿನ ಇರುವೆಗಳು ಮೆರವಣಿಗೆ ಬಂದಾಗಲೇ ತಿಳಿದದ್ದು. ಆದರೆ ಮಹಾಶಯರೇ, ಅಂದಿನಿಂದ ತಾವು ಲಟಕ್ಕೆಂದಿಲ್ಲ! "ಹೆಂಗೋ ನಿಂತಿದೆ ಅಮ್ಮಾ, ಮುಟ್ಟೋದು ಬೇಡ" ಎನ್ನುತ್ತಾನೆ ಅಳಿಯ. ಒಂದು ಚಮಚ ಅಕ್ಕಿ ಗಂಜಿಗೆ ನಿಲ್ಲುವ ಕುತ್ತಿಗೆಗೆ ನನ್ನ ರೇಡಿಯೋದ ಮುಖವೇ ಬೇಕಿತ್ತೇ?

ಆದ್ದರಿಂದ ನನ್ನ ವಿನಂತಿ ಅತಿ ಸಣ್ಣದು. ತಮ್ಮ ಮೈಯಲ್ಲಿ ನನ್ನ ರೇಡಿಯೋ ಇದೆ, ಕುತ್ತಿಗೆಯಲ್ಲಿ ನನ್ನ ಗಂಜಿಯಿದೆ, ಹೆಸರೂ ನಾನಿಟ್ಟದ್ದು. ಅಂದಮೇಲೆ ತಾವು ಈ ಮನೆಯ ಮಗ. ಹೆಂದಾರ್ತೊ ಯಜಮಾನರು ಒಯ್ಯಲು ಬಂದರೆ ಬರುವುದಿಲ್ಲವೆಂದು ಬಾಯಿಬಿಟ್ಟು ಹೇಳತಕ್ಕದ್ದು. ಆ ಗುರುವಾರ ನನ್ನ ಜಗುಲಿಯಲ್ಲಿ ಕುಳಿತು, ರಿಪೇರಿಯಾದ ಬಲಭುಜದಿಂದ ಕೊನೆಯ ಕಂತನ್ನು ಸುಮಿರಾಳ ರೇಡಿಯೋಗಿಂತ ಜೋರಾಗಿ ನುಡಿಸತಕ್ಕದ್ದು. ರಾಣಿಗೆ ಪಟ್ಟವನ್ನೇ ಕಟ್ಟಿಸತಕ್ಕದ್ದು.

ತಮ್ಮ ವಿಶ್ವಾಸಿ, ಹೆಸರಿಟ್ಟ ತಾಯಿ,
ಪೈಕೆಮ್

ತಾ.ಕ.: ಉಗುರುಬಣ್ಣ ಅಳಿಸುವ ನೀರಿನ ಬಾಟಲಿ ಎಲ್ಲಿದೆಯೆಂದು ನನಗೆ ಗೊತ್ತು. ಕರಗಿ ಒಳಹೋದ ರೇಡಿಯೋ ಕರಗಿಯೇ ಹೊರಬಂದೀತು, ಮಗನೇ ಸ್ಲಾಮೆತ್. ಸುರೊ ತಿಂಗಳು ಹುಟ್ಟುವ ಮೊದಲು ಉತ್ತರ ಕೊಡು.