ಷಡ್ಡಕನ ಟೆಂಟು

ಹೆಂಡತಿಯ ತಂಗಿಗೆ ಗಂಡು ನೋಡುವಾಗ ಹಿರಿಯ ಅಳಿಯನನ್ನು ಒಂದು ಮಾತು ಕೇಳುವ ಪದ್ಧತಿ ನಮ್ಮ ಕಡೆ ಇದೆ. ನನ್ನನ್ನೂ ಕೇಳಿದ್ದರು. "ಹುಡುಗ ಛಲೋ ಅದಾನ, ಕೊಡ್ರಿ" ಎಂದವನು ನಾನೇ. ಆ ದಿನ ನನ್ನ ನಾಲಿಗೆಗೆ ಏನಾಗಿತ್ತೋ ಕಾಣೆ. ಹೊಟ್ಟೆಕಿಚ್ಚು ಎನ್ನುವುದು ದೂರದವರ ಮೇಲೆ ಬರುವುದಿಲ್ಲ. ಮಲಬಾರ್ ಹಿಲ್ಲಿನ ಸಿರಿವಂತರ ಬಂಗಲೆಗಳ ಮುಂದೆ ಎಷ್ಟೋ ಸಲ ಹಾದು ಹೋಗಿದ್ದೇನೆ, ನನಗೆ ಏನೂ ಆಗಿಲ್ಲ. ಷಡ್ಡಕ ಹೊಸ ಚಪ್ಪಲಿ ಹಾಕಿಕೊಂಡು ಬಂದರೆ ಮಾತ್ರ ಎರಡು ದಿನ ಊಟ ಸೇರುವುದಿಲ್ಲ.

ನನ್ನ ಷಡ್ಡಕ ವಿನಾಯಕ ಮಲಾಡಿನಲ್ಲಿರುತ್ತಾನೆ. ಅಪ್ಪ ಅಮ್ಮ ಧಾರವಾಡದವರಾದರೂ ಅವನು ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ ಮುಂಬೈಯಲ್ಲಿ. ನಾನು ಇಂಡಿ ತಾಲೂಕಿನಿಂದ ಹದಿನೆಂಟನೇ ವಯಸ್ಸಿಗೆ ಬಂದವನು. ಆಂಟಾಪ್ ಹಿಲ್ಲಿನಲ್ಲಿ ಮನೆ, ಬೈಕುಲ್ಲಾದ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಕನ್ನಡ ರಾತ್ರಿಶಾಲೆಗೆ ಹೋಗಿ ಮೂವತ್ತಮೂರನೇ ವಯಸ್ಸಿಗೆ ಹತ್ತನೇ ಇಯತ್ತೆ ಪಾಸಾದೆ. ಆಗ ನನ್ನ ಹೆಂಡತಿ ಶಾಂತಾ ಬಿಲ್ಡಿಂಗಿನ ನಾಲ್ಕೂ ಮಾಳಿಗೆಗೆ ಪೇಢೆ ಹಂಚಿದ್ದಳು. ವಿನಾಯಕ ಬಂದ ಮೇಲೆ ನನ್ನ ಹೆಸರಿನಲ್ಲಿ ಅವಳು ಪೇಢೆ ಹಂಚಿದ್ದು ನೆನಪಿಲ್ಲ.

ಈ ಸಲ ಚಳಿಗಾಲದ ರಜೆಗೆ ಎರಡೂ ಮನೆಯವರು ಕೂಡಿ ಕ್ಯಾಂಪಿಂಗ್ ಹೋಗಬೇಕೆಂದು ಅವನು ಮಾತು ತೆಗೆದ. ಮೊದಲು ಭಂಡಾರದರಾದ ಬೆಟ್ಟದ ಕಾಡು, ಆಮೇಲೆ ಘಟ್ಟ ಇಳಿದು ಕಾಶಿದದ ಸಮುದ್ರ, ಅದರ ಪಕ್ಕದ ಫಣಸಾಡ ಅಭಯಾರಣ್ಯ. ಯಾವ ದಿನ ಯಾವ ಕಾಡಿನ ಗೇಟಿನಲ್ಲಿ ಚೀಟಿ ಮಾಡಿಸಬೇಕು, ಎಲ್ಲಿ ಟೆಂಟ್ ಹಾಕಬಹುದು, ಎಲ್ಲಿ ಹಾಕಬಾರದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ, ಬೆಟ್ಟಕ್ಕೆ ಹಸಿರು, ಸಮುದ್ರಕ್ಕೆ ನೀಲಿ ಬಣ್ಣ ತುಂಬಿ ಕಳಿಸಿದ. ಹೊಟ್ಟೆ ಕೆಟ್ಟರೆ ಏನು ಮಾಡಬೇಕು ಎನ್ನುವುದಕ್ಕೂ ಒಂದು ಸಾಲು ಇತ್ತು.

"ನೋಡ್ರಿ, ಹೆಂಗ ಮಾಡ್ಯಾರ!" ಎಂದು ಶಾಂತಾ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ನೀವು ನಮ್ಮನ್ನ ತುಳಜಾಪುರಕ್ಕ ಕರಕೊಂಡು ಹೋದಾಗ ವಾಪಸ್ ಬರೂ ಗಾಡಿ ಎಷ್ಟಕ್ಕ ಅನ್ನೂದೂ ಗೊತ್ತಿರಲಿಲ್ಲ."

"ದೇವರಿಗೆ ಹೋಗುವಾಗ ವಾಪಸ್ ಬರೂದು ಕೇಳಬಾರದು" ಎಂದೆ. ಅವಳು ನಗಲಿಲ್ಲ.

ಸಹ್ಯಾದ್ರಿಯ ಘಟ್ಟಗಳೆಲ್ಲ ನನಗೆ ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಬಾಯಿಪಾಠ ಇವೆ. ಭೂಗೋಳದಲ್ಲಿ ಇಡೀ ವರ್ಗಕ್ಕೆ ನಾನೇ ಮೊದಲು ಬಂದವನು. ಆದರೆ ಯಾರೂ ಕೇಳಲಿಲ್ಲ. ಸರಿ, ಕೇಳದಿದ್ದರೂ ಹೇಳಿಬಿಡೋಣ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಬರೆಯಲು ಕುಳಿತೆ. ಮಲಗಲು ವಿನಾಯಕ ಗಾಳಿ ತುಂಬುವ ಹಾಸಿಗೆ ತರುತ್ತೇನೆಂದಿದ್ದ. "ಅದರ ಅವಶ್ಯಕತೆ ಏನೂ ಇಲ್ಲ" ಎಂದು ನಾನು ಒಂದು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಮಾತು ಎಲ್ಲೋ ಹೋಗಿತ್ತು. ನನ್ನ ನಾದಿನಿ ಸುಜಾತಾ, ಅಂದರೆ ವಿನಾಯಕನ ಹೆಂಡತಿ, "ಮಾಮಾನ್ನ ಗಾಡ್ಯಾಗ ಮುಂದಿನ ಸೀಟಿಗೆ ಕೂಡಿಸೂಣೇನು?" ಎಂದು ಕೇಳಿದ್ದಳು. ಅದರ ಕೆಳಗೇ ನನ್ನ ಮಾತು ಹೋಗಿ ಬಿತ್ತು. "ಮಾಮಾ ಎಷ್ಟು ಸಾದಾ ಮನಷಾ!" ಎಂದು ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು. ನನಗೆ ಹಿಂದಿನ ಸೀಟು, ಸಾಮಾನಿನ ಪಕ್ಕ ಗಟ್ಟಿಯಾಯಿತು.

ಹೋದ ಶನಿವಾರ ವಿನಾಯಕ ಒಂದು ಟೆಂಟ್ ತಂದು ನಮ್ಮ ಮನೆಯಲ್ಲಿಟ್ಟ. ರೊಟ್ಟಿಯ ಹಂಚನ್ನು ನಾಲ್ಕು ಪಟ್ಟು ಮಾಡಿದಂಥ ಗುಂಡನೆಯ ಚೀಲ. "ಇದು ನಿಮ್ಮದು ಅಣ್ಣಾರ. ನಮ್ಮದೂ ಸೇಮ್ ಐತಿ. ಚೀಲದಿಂದ ತಗದು ಒಗದ್ರ ಸಾಕು, ತಾನ ಬಿಚ್ಚಕೋತದ. ಮನ್ಯಾಗ ಮಾತ್ರ ಬಿಚ್ಚಬ್ಯಾಡ್ರಿ" ಎಂದ. ನನ್ನ ಮನೆಯಲ್ಲಿ ಏನು ಬಿಚ್ಚಬಾರದು ಎಂದು ಹೇಳಲು ಇವನು ಯಾರು? ಆ ಮಾತು ಇಡೀ ದಿನ ಎದೆಯಲ್ಲಿ ಕುಟುಕುತ್ತಿತ್ತು.

ಮರುದಿನ ಮಧ್ಯಾಹ್ನ ಅಕ್ಕ ತಂಗಿ ಇಬ್ಬರೂ ಬ್ಯಾಟರಿ, ಟೋಪಿ ಕೊಳ್ಳಲು ದಾದರಿಗೆ ಹೋದರು. ನಾನು ಒಬ್ಬನೇ ಉಳಿದೆ. ಸುಳ್ಳು ಯಾಕೆ ಹೇಳಲಿ, ಒಂದು ತೂತಾದರೂ ಇದ್ದೀತು, ಒಂದು ಹೊಲಿಗೆಯಾದರೂ ಬಿಚ್ಚಿದ್ದೀತು ಎಂಬ ಆಸೆಯಿಂದ ಚೀಲದ ಜಿಪ್ ಎಳೆದೆ. ಒಗೆಯುವುದಂತೂ ದೂರ ಉಳಿಯಿತು, ಅದು ನನ್ನ ಕೈಯಿಂದಲೇ ಫಟ್ ಎಂದು ಹಾರಿತು. ಕಣ್ಣು ಬಿಟ್ಟು ನೋಡಿದರೆ ಕಪಾಟಿನಿಂದ ಬಾಗಿಲಿನವರೆಗೆ ಟೆಂಟೇ ಟೆಂಟು. ಕ್ಯಾಲೆಂಡರ್ ಕೆಳಗೆ ಬಿದ್ದಿತ್ತು. ಟಿವಿ ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಆ ಕಡೆ ಹೋಗಬೇಕೆಂದರೆ ಟೆಂಟಿನ ಒಳಗಿನಿಂದಲೇ ಹೋಗಬೇಕು. ಹೋದೆ, ಒಳಗೆ ತೂತು ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದು ಚಸ್ಮಾ ಇಡಲು ಒಂದು ಪುಟ್ಟ ಜೇಬು. ಅದನ್ನು ಕಂಡು ಇನ್ನಷ್ಟು ಉರಿಯಿತು.

ಮಡಚಲು ಶುರು ಮಾಡಿದೆ. ಮಡಚುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಮಡಚುತ್ತಿದ್ದೇನೆ. ಸಾಬೂನಿನ ಡಬ್ಬಿ, ಬಲ್ಬಿನ ಡಬ್ಬಿ, ಮಿಠಾಯಿ ಡಬ್ಬಿ, ಕಣ್ಣು ಕಟ್ಟಿದರೂ ಮಡಚುತ್ತೇನೆ. ರಟ್ಟಿಗೆ ಒಂದು ಗೆರೆ ಇರುತ್ತದೆ, ಗೆರೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಈ ಟೆಂಟಿಗೆ ಗೆರೆಯೇ ಇಲ್ಲ! ಮೇಲೆ ಕುಳಿತೆ, ಎದ್ದ ಕೂಡಲೇ ಅದೂ ಎದ್ದಿತು. ಮೊಣಕಾಲು ಊರಿದೆ, ಇನ್ನೊಂದು ಕಡೆಯಿಂದ ಬಂದು ಗದ್ದಕ್ಕೆ ಬಡಿಯಿತು. ಅಷ್ಟರಲ್ಲಿ ಶಾಂತಾಳ ಫೋನು: "ರೀ, ಟ್ಯಾಕ್ಸಿ ಹತ್ತೀವಿ. ಚಾಕ್ಕ ಇಡ್ರಿ." ಗ್ಯಾಸಿನ ಒಲೆ ಟೆಂಟಿನ ಆಚೆ ಇತ್ತು.

ಇನ್ನು ಇಪ್ಪತ್ತು ನಿಮಿಷ. ಬಾಗಿಲು ಒಳಗೆ ತೆರೆಯುವಂಥದ್ದು, ಟೆಂಟ್ ಅಡ್ಡ ಇದ್ದುದರಿಂದ ಅವರು ಬಂದರೂ ಒಳಗೆ ಬರುವಂತಿರಲಿಲ್ಲ. ಬಿಲ್ಡಿಂಗಿನವರೆಲ್ಲ ಸೇರುತ್ತಾರೆ. ಶಾಂತಾಳ ಕಣ್ಣಲ್ಲಿ ನನ್ನದೆಂದು ಉಳಿದಿದ್ದ ಚೂರುಪಾರು ಮಾನವೂ ಇವತ್ತಿಗೆ ಮುಗಿಯುತ್ತದೆ. ಬೇರೆ ದಾರಿ ಕಾಣದೆ, ಹಲ್ಲು ಕಚ್ಚಿ, ವಿನಾಯಕನಿಗೆ ವಿಡಿಯೋ ಕಾಲ್ ಮಾಡಿದೆ.

"ಅಣ್ಣಾರ, ಎಲ್ಲಿದೀರಿ? ಎಲ್ಲಾ ನೀಲಿ ನೀಲಿ ಕಾಣ್ತದ."

"ಟೆಂಟಿನ ಒಳಗ ಅದೀನಿ."

"ಟೆಂಟ್ ಎಲ್ಲೈತಿ?"

"ಮನಿ ಒಳಗ."

ಅವನು ನಗುತ್ತಾನೆಂದು ಕಾದೆ. ನಕ್ಕರೆ ಬೈಯುವುದಕ್ಕೆ ತಯಾರಾಗಿದ್ದೆ. ನಗಲಿಲ್ಲ. "ಟೆನ್ಶನ್ ಬ್ಯಾಡ್ರಿ, ದೋ ಮಿನಿಟ್" ಎಂದವನು ತನ್ನ ಟೆಂಟ್ ಎತ್ತಿಕೊಂಡು ಸೊಸೈಟಿಯ ಪಾರ್ಕಿಂಗಿಗೆ ಇಳಿದು, ವಾಚ್‌ಮನ್ನನ ಕೈಗೆ ಫೋನು ಕೊಟ್ಟು, ತನ್ನದನ್ನೂ ಬಿಚ್ಚಿದ. "ಟೆಂಟಿನ ಎರಡೂ ಕಿವಿ ಹಿಡೀರಿ. ಹಾಂ. ಈಗ ಎಂಟು ಬರದಂಗ ತಿರವ್ರಿ."

ತಿರುವಿದೆ. ಟೆಂಟ್ ಒಂದು ಕಾಲು ಮೇಲೆತ್ತಿ ನಿಂತಿತು. ಇನ್ನೊಮ್ಮೆ ತಿರುವಿದೆ, ಫ್ಯಾನಿಗೆ ಹೋಗಿ ತಗಲಿತು.

"ಅಣ್ಣಾರ, ನೀವು ಯಾವ ಎಂಟು ಬರೀಲಿಕ್ಕತ್ತೀರಿ?"

"ಎಂಟು ಅಂದ್ರ ಎಂಟ. ಕನ್ನಡ ಎಂಟು, ೮."

"ಅದು ಬಾಯಿ ತಕ್ಕೊಂಡ ಇರ್ತದಲ್ರೀ! ಮರಾಠಿದೂ ಬ್ಯಾಡ. ಇಂಗ್ಲಿಷ್ ಎಂಟು ಬರೀರಿ, ಎರಡು ಚಕ್ಕುಲಿ ಒಂದರ ಮ್ಯಾಲ ಒಂದು ಇಟ್ಟಂಗ."

ಎರಡು ಚಕ್ಕುಲಿ ಎಂದ ಕೂಡಲೇ ಕೈಗೆ ತಿಳಿಯಿತು. ಟೆಂಟ್ ಸುಮ್ಮನೆ ತನ್ನಷ್ಟಕ್ಕೆ ಮಡಚಿಕೊಂಡು ಮಡಿಲಲ್ಲಿ ಕುಳಿತಿತು. "ಇದನ್ನ ಯಾರಿಗೂ ಹೇಳಬ್ಯಾಡಪಾ" ಎಂದೆ. "ನಾ ಯಾಕ ಹೇಳಲಿ ಅಣ್ಣಾರ" ಎಂದ.

ಚಹಾ ಉಕ್ಕುವ ಹೊತ್ತಿಗೆ ಅವರು ಬಂದರು. ಶಾಂತಾ ಕ್ಯಾಲೆಂಡರ್ ನೋಡಿದಳು, ಚೀಲ ನೋಡಿದಳು, ನನ್ನ ಗದ್ದ ನೋಡಿದಳು. "ಬಿಚ್ಚಿದ್ರೇನು?"

"ಬಿಚ್ಚಿದೆ. ಮಡಚಿಯೂ ಇಟ್ಟೆ."

"ನೀವೊಬ್ಬರ?"

"ಮತ್ತ ಯಾರು, ಬೈಕುಲ್ಲಾದಿಂದ ಮಂದಿ ಕರಸಬೇಕಿತ್ತೇನು?"

ಸುಜಾತಾ ಬಾಯಿ ತೆರೆದು ನಿಂತಳು. "ಅಯ್ಯ ಮಾಮಾ, ನಮ್ಮವರಿಗೆ ಕಲೀಲಿಕ್ಕ ಎರಡು ದಿನ ಹಿಡೀತು!" ಎಂದು ಅಲ್ಲಿಂದಲೇ ಗಂಡನಿಗೆ ಫೋನು ಹಚ್ಚಿ ಸ್ಪೀಕರ್ ಮೇಲಿಟ್ಟಳು. "ಕೇಳಿದ್ರೇನು, ಮಾಮಾ ಒಬ್ಬರ ಟೆಂಟ್ ಬಿಚ್ಚಿ ಮಡಚ್ಯಾರ!" ನನ್ನ ಕೈಯಲ್ಲಿ ಚಹಾದ ಸೋಸಣಿಗೆ ಹಾಗೇ ನಿಂತಿತು. ಆ ಕಡೆಯಿಂದ ವಿನಾಯಕನ ದನಿ ಬಂತು: "ಹೌದೇನ್ರಿ ಅಣ್ಣಾರ? ಅಲ್ಲಿ ಹೋದ ಮ್ಯಾಲ ನನಗೂ ಸ್ವಲ್ಪ ಕಲಸ್ರಿ."

ಶಾಂತಾ ನನಗೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಚಹಾ ಕೊಟ್ಟಳು.

ಇವತ್ತಿಗೆ ಆರು ದಿನವಾಯಿತು. ಗಳಿಗೆಗೊಮ್ಮೆ ಗ್ರೂಪ್ ತೆರೆದು ನೋಡುತ್ತೇನೆ. ಅವನು ಹೇಳಿಬಿಟ್ಟರೆ ಎಂಬ ಹೆದರಿಕೆ ಒಂದು ಪಾಲು, ಹೇಳಿಬಿಡಲಿ ಎಂಬ ಆಸೆ ಮೂರು ಪಾಲು. ಒಮ್ಮೆ ಹೇಳಿದರೆ ಸಾಕು, ಇವನೂ ನಮ್ಮಂಥವನೇ ಎಂದು ನೆಮ್ಮದಿಯಿಂದ ನಿದ್ದೆ ಮಾಡುತ್ತೇನೆ. ಹೇಳುತ್ತಿಲ್ಲ. ಸುಜಾತಾಳಿಗೂ ಹೇಳಿಲ್ಲ, ಕೆದಕಿ ನೋಡಿದ್ದೇನೆ. ಅವನ ಪ್ಲಾನು, ಅವನ ಬಣ್ಣ, ಅವನ ಟೆಂಟು ಇವುಗಳನ್ನೆಲ್ಲ ಹೇಗಾದರೂ ಸಹಿಸಿಕೊಂಡೇನು, ಅವನ ಆ ಮುಚ್ಚಿದ ಬಾಯಿಯನ್ನು ಹೇಗೆ ಸಹಿಸಲಿ? ಗುಟ್ಟು ನನ್ನದು, ಮಾನ ನನ್ನದು. ಅವನು ಆರು ದಿನದಿಂದ ಕಾಪಾಡಿಕೊಂಡು ಬಂದದ್ದನ್ನು ನಾನೇ ತಡೆಯಲಾರದೆ ನಿಮ್ಮ ಮುಂದೆ ಹೇಳಿ ಮುಗಿಸಿದೆ ನೋಡಿ.